ಆ ಗುಡ್ಡದ ತಯಾರಿ

ಜನವರಿ ೯, ಮಂಗಳವಾರ. ಮೂಡಲಗಿ

ಇವತ್ತು ಒಂದು ಸುಳ್ಳು ಹೇಳಿದೆ. ಹೇಳಿದ್ದಕ್ಕೆ ಬೇಜಾರೇನಿಲ್ಲ. ಎಲ್ಲಾದರೂ ಬರೆದಿಡದಿದ್ದರೆ ಅದು ಸುಳ್ಳು ಎಂಬುದು ನನಗೇ ಮರೆತೀತು ಎಂದು ಈ ಡೈರಿ ತೆಗೆದೆ. ಡೈರಿ ಶಿವಪುತ್ರನ ಬ್ಯಾಂಕಿನಿಂದ ಬಂದದ್ದು. ಸತ್ತವನ ಹೆಸರಿಗೆ ಹೊಸ ವರ್ಷದ ಡೈರಿ ಕಳಿಸುವಷ್ಟು ಜಾಣರು ಅವರು. ಗಂಡನನ್ನು ಹೆಸರು ಹಿಡಿದು ಬರೆಯುತ್ತಿದ್ದೇನೆ. ಇದ್ದಾಗ ಒಮ್ಮೆಯೂ ಕರೆದಿರಲಿಲ್ಲ. ಬೇಕಿದ್ದರೆ ಬಂದು ಬೈಯಲಿ.

ಮುದುಕಿ ಮೂರ್ನಾಲ್ಕು ದಿನದಿಂದ ಊಟ ಬಿಟ್ಟಿದ್ದಳು. ಮುದುಕಿ ಎಂದರೆ ನನ್ನ ಅತ್ತೆ ಕಾಶೆವ್ವ. ಬೆಳಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಎರಡು ಲಿಂಗ ಇಟ್ಟುಕೊಂಡು ಪೂಜೆಗೆ ಕೂರುತ್ತಾಳೆ. ಒಂದು ಅವಳದು, ಇನ್ನೊಂದು ಮಗನದು. ತನ್ನದನ್ನು ಕೊರಳಿಗೆ ಕಟ್ಟಿಕೊಳ್ಳುತ್ತಾಳೆ. ಮಗನದನ್ನು ಬೆಳ್ಳಿಯ ಕರಡಿಗೆಯೊಳಗಿಟ್ಟು ಅದನ್ನೇ ನೋಡುತ್ತ ಕೂತುಬಿಡುತ್ತಾಳೆ. ಕರೆದರೆ ಓ ಎನ್ನುವುದಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಶಿವಪುತ್ರ ಹಿಮಾಲಯದ ಆ ಗುಡ್ಡ ಹತ್ತಲು ಹೊರಟಾಗ ಲಿಂಗ ಬಿಚ್ಚಿಸಿಕೊಂಡವಳು ಇವಳೇ. ನಮ್ಮಲ್ಲಿ ಮೈಮೇಲಿನ ಲಿಂಗವನ್ನು ಸಾಯುವ ತನಕ ತೆಗೆದಿಡುವ ಹಾಗಿಲ್ಲ. ಸತ್ತ ಮೇಲೂ ಮನುಷ್ಯನನ್ನು ಕೂರಿಸಿ, ಎಡಗೈಯಲ್ಲಿ ಅದನ್ನೇ ಇಟ್ಟು ಮಣ್ಣು ಮಾಡುತ್ತಾರೆ. ಆದರೆ ಇವಳ ಅಜ್ಜ ಎಂದೋ ಒಮ್ಮೆ ಲಿಂಗವನ್ನು ಬಾವಿಯಲ್ಲಿ ಕಳೆದುಕೊಂಡು, ಆ ಸಂಕಟಕ್ಕೆ ಅನ್ನ ನೀರು ಬಿಟ್ಟು ತೀರಿಕೊಂಡನಂತೆ. ಅಂಥ ಮನೆತನದ ಹೆಂಗಸು. ಹಗ್ಗ, ಪಟ್ಟಿ, ಗಾಳಿ ಎಂದು ಮಗ ಹೇಳಿದ್ದು ಕೇಳಿ ಹೆದರಿದಳು. "ಹಿಮದಾಗ ಎಲ್ಲ್ಯಾರ ಬಿದ್ದ ಹ್ವಾದರ ಏನ ಗತಿ? ಬಿಚ್ಚಿ ಕೊಡು. ನೀ ಬರೂತನಕ ನಾ ಪೂಜಿ ಮಾಡತೇನಿ" ಎಂದು ಇಸಕೊಂಡಳು. ಲಿಂಗ ಇಲ್ಲಿ ಉಳಿಯಿತು, ಮಗ ಅಲ್ಲಿ ಉಳಿದ. ಜೊತೆಗಿದ್ದ ಇಬ್ಬರಿಗೆ ಆ ಗಾಳಿಯಲ್ಲಿ ಹೆಣ ಇಳಿಸಲು ಆಗಲಿಲ್ಲ, ಬಿಟ್ಟು ಬಂದರು.

ಇವತ್ತು ರೊಟ್ಟಿಯ ತಾಟು ಮುಂದಿಟ್ಟರೆ, "ಅವನ ಕೈ ಖಾಲಿ ಐತಿ. ನನಗ ತುತ್ತ ಹ್ಯಾಂಗ ಇಳೀತೈತಿ?" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಬೆಳಗಿನಿಂದ ಪಾರ್ಲರಿನಲ್ಲಿ ಮದುವೆ ಹೆಣ್ಣಿನ ಹುಬ್ಬು ತಿದ್ದಿ, ತಲೆ ಬಾಚಿ, ನಿಂತು ನಿಂತು ಕಾಲು ಬಿದ್ದುಹೋಗಿದ್ದವು.

"ಹಂಗಾರ ನಾನ ಹೋಗಿ ಅವರ ಕೈಯಾಗ ಇಟ್ಟ ಬರತೇನಿ. ಈಗ ಉಣ್ರಿ" ಎಂದೆ.

ಮುದುಕಿ ತಲೆ ಎತ್ತಿ ನನ್ನನ್ನೇ ನೋಡಿದಳು. ಆಮೇಲೆ ಒಂದೂವರೆ ರೊಟ್ಟಿ ಉಂಡಳು. ಮಜ್ಜಿಗೆಯನ್ನೂ ಕೇಳಿದಳು.

ಜನವರಿ ೧೭

ಸುಳ್ಳು ಹೇಳಿ ಕೈ ತೊಳೆದುಕೊಳ್ಳಬಹುದು ಎಂದುಕೊಂಡಿದ್ದೆ. ಇವಳು ಬಿಡಬೇಕಲ್ಲ. ಬೆಳಗಾದರೆ "ಯಾವಾಗ ಹೊಕ್ಕಿ?" ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ "ಯಾರ್ನರ ಕೇಳಿದೇನು?" ಬೇಸಿಗೆ ಮುಗಿಯಲಿ ಎಂದರೆ, ಮುಗಿದ ಮೇಲೆ ಯಾವ ತಿಂಗಳು ಎನ್ನುತ್ತಾಳೆ. ಊಟ ಮಾತ್ರ ಸರಿಯಾಗಿ ನಡೆದಿದೆ. ನಿನ್ನೆ ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಕೊಂಕು ತೆಗೆದಳು. ಇಷ್ಟು ವರ್ಷದಲ್ಲಿ ಇವಳು ಬೈದದ್ದು ಕೇಳಿ ನನಗೆ ನೆಮ್ಮದಿ ಆದದ್ದು ಇದೇ ಮೊದಲು.

ಜನವರಿ ೨೧, ರವಿವಾರ

ಗುರುಪಾದನನ್ನು ಕರೆಸಿದೆ. ಹೋಗುವುದು ಆಗದ ಮಾತು ಎಂದು ಅವನ ಬಾಯಿಂದಲೇ ಇವಳು ಕೇಳಲಿ ಎಂಬುದು ನನ್ನ ಲೆಕ್ಕ. ಗುರುಪಾದ ಗೋಕಾಕದವನು, ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಶಿವಪುತ್ರನ ಜೊತೆ ಹೋಗಿ ಮರಳಿ ಬಂದ ಇಬ್ಬರಲ್ಲಿ ಒಬ್ಬ. ಬಲಗೈ ಬೆರಳಿನ ತುದಿಗಳನ್ನು ಹಿಮ ತಿಂದಿದೆ. ಈಗ ತಂತಿ ಸುತ್ತಲು ಬರುವುದಿಲ್ಲ, ಗಿರಾಕಿಗಳ ಜೊತೆ ಮಾತಾಡಿಕೊಂಡು ಅಂಗಡಿಯಲ್ಲಿ ಕೂರುತ್ತಾನೆ. ಇಷ್ಟು ದಿನ ನಮ್ಮ ಮನೆ ಮೆಟ್ಟಿಲು ಹತ್ತಲು ಹೆದರಿದ್ದ.

ಮುದುಕಿ ಅವನನ್ನು ಬೈಯಲಿಲ್ಲ. ಚಹಾ ಕುಡಿಸಿ, ಎದುರಿಗೆ ಕೂತು, ಒಂದೇ ಮಾತು ಕೇಳಿದಳು.

"ತಮ್ಮಾ, ಅವ ಅಲ್ಲಿ ಕುಂತಾನೋ, ಮಲಗ್ಯಾನೋ?"

ಗುರುಪಾದ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

"ಕುಂತಾನ್ರಿ ಯವ್ವಾ. ಒಂದ ಕರೀ ಕಲ್ಲಿಗೆ ಬೆನ್ನ ಹಚ್ಚಿ ಕುಂತಾನ. ದಣಿವಾರಿಸಿಕೋತೇನಿ ಅಂತ ಕುಂತಾಂವ ಏಳಲೇ ಇಲ್ಲ."

"ಕುಂತಾನಲಾ," ಎಂದು ಮುದುಕಿ ಉಸಿರು ಬಿಟ್ಟಳು. "ಹಂಗಾರ ಆತು. ಮಲಗಿದ್ದರ ತ್ರಾಸ ಇತ್ತು. ಇನ್ನ ಕೈಯಾಗ ಲಿಂಗ ಇಡೂದೊಂದ ಬಾಕಿ."

ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಅವನನ್ನು ಕಳಿಸಲು ಬಾಗಿಲ ತನಕ ಹೋದಾಗ, "ವೈನಿ, ನೀವು ಖರೇನ ಹೊಂಟೀರೇನ್ರಿ?" ಎಂದ.

"ನನಗೇನ ಹುಚ್ಚ ಹಿಡದೈತಿ? ಅವರು ಉಣ್ಣಲಿ ಅಂತ ಹೇಳೇನಿ."

ಅವನು ಬೈಕಿನ ಮೇಲೆ ಕೂತು, ಶುರು ಮಾಡದೆ ಹಾಗೇ ಇದ್ದ. "ಅಲ್ಲಿ ಗಾಳಿ ಅಂದ್ರ ಗಾಳಿ ಅಲ್ರಿ ವೈನಿ. ಬಾಜೂಕ ಇದ್ದಾಂವ ಒದರಿದ್ದ ಕೇಳೂದಿಲ್ಲ. ನಾ 'ಏಳೋ ಶಿವಪುತ್ರ' ಅಂತ ಕಿವ್ಯಾಗ ಬಾಯಿ ಇಟ್ಟ ಒದರೇನಿ. ಅವಗ ಕೇಳಿತೋ ಇಲ್ಲೋ ನನಗಿನ್ನೂ ಗೊತ್ತಿಲ್ಲ." ಆಮೇಲೆ, ನಾಕಾರು ರವಿವಾರ ಗೋಕಾಕಕ್ಕೆ ಬಂದು ಕಲ್ಲು ಹತ್ತಿದಂತೆ ಮಾಡಿರಿ, ಅವ್ವಾರಿಗೆ ಸಮಾಧಾನ ಆಗುತ್ತದೆ ಎಂದ. ನಾಟಕಕ್ಕೆ ಇನ್ನೊಬ್ಬ ಪಾತ್ರಧಾರಿ ಸಿಕ್ಕ.

ಫೆಬ್ರವರಿ ೪, ರವಿವಾರ

ಗೋಕಾಕ. ಫಾಲ್ಸಿನಲ್ಲಿ ನೀರಿಲ್ಲ, ಬರೀ ಬಂಡೆ. ಇಷ್ಟು ವರ್ಷ ಪ್ರತಿ ರವಿವಾರ ಶಿವಪುತ್ರ ನನ್ನನ್ನು ಬಿಟ್ಟು ಬರುತ್ತಿದ್ದದ್ದು ಈ ಕಲ್ಲುಗಳ ಹತ್ತಿರ. ಸವತಿಯನ್ನು ನೋಡಿದಂತೆ ನೋಡಿದೆ. ಸೊಂಟಕ್ಕೆ ಪಟ್ಟಿ, ಅದಕ್ಕೆ ಹಗ್ಗ, ತಲೆಗೆ ಟೋಪಿ. ಆಳೆತ್ತರ ಏರುವುದರೊಳಗೆ ಎರಡೂ ಕೈಯಿಂದ ಬಂಡೆಯನ್ನು ಅಪ್ಪಿಕೊಂಡೆ. ಕೆಳಗೆ ಇಳಿಸು ಎಂದು ಕೂಗಿದೆ. ಗುರುಪಾದ ಇಳಿಸಿದ. ವಾಂತಿ ಮಾಡಿಕೊಂಡೆ.

ಊರಲ್ಲಿ ಸುದ್ದಿ ಹಬ್ಬಿದೆ. ಪಾರ್ಲರಿನಲ್ಲಿ ಮುಖಕ್ಕೆ ಲೇಪ ಹಚ್ಚಿಸಿಕೊಂಡು ಮಲಗಿದ ಒಬ್ಬಳು, "ಗಂಡ ಹ್ವಾದ ವರ್ಷ ತುಂಬೂದರಾಗ ಪ್ಯಾಂಟ ಹಾಕ್ಕೊಂಡ ಗುಡ್ಡ ಹತ್ತಾಕತ್ತೀರಂತಲ್ರಿ" ಎಂದಳು. ಲೇಪ ಒಣಗುವ ತನಕ ಬಾಯಿ ಆಡಿಸಬಾರದು ಎಂದು ಹೇಳಿ, ಬೇಕೆಂದೇ ಅರ್ಧ ಗಂಟೆ ಬಿಟ್ಟೆ.

ಮಾರ್ಚ್ ೩

ಹೋಗಿದ್ದೆ. ಬಿದ್ದೆ. ಮೊಣಕೈ ತರಚಿದೆ. ಮುದುಕಿ ಅರಿಶಿನ ಹಚ್ಚಿದಳು. "ಶಿವಪುತ್ರನೂ ಮದಲ ಹಿಂಗ ಬೀಳತಿದ್ದ" ಎಂದಳು. ನನಗೆ ಅದು ಗೊತ್ತಿರಲಿಲ್ಲ.

ಮಾರ್ಚ್ ೧೨

ಏನೂ ಇಲ್ಲ. ಬಿಸಿಲು.

ಮಾರ್ಚ್ ೨೪

ಗುರುಪಾದ ಮತ್ತು ಅವನ ಗೆಳೆಯರು ಆಗಸ್ಟಿನಲ್ಲಿ ಮತ್ತೆ ಆ ಗುಡ್ಡಕ್ಕೆ ಹೋಗುತ್ತಾರಂತೆ. ಶಿವಪುತ್ರನನ್ನು ಕೆಳಗೆ ತರಲು ಆಗುವುದಿಲ್ಲ, ಸುತ್ತ ಕಲ್ಲು ಜೋಡಿಸಿ ಬರುತ್ತಾರಂತೆ. ಲಿಂಗವನ್ನು ತಾನೇ ಒಯ್ದು ಇಡುತ್ತೇನೆ ಎಂದ. ಅಲ್ಲಿಗೆ ನನ್ನ ಸುಳ್ಳಿಗೆ ಮುಕ್ತಿ ಸಿಗಬೇಕಿತ್ತು. ಅತ್ತೆಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಪರರ ಕೈಲೆ ಬ್ಯಾಡ. ಮನೀ ಮಂದಿ ಇಡಬೇಕು" ಎಂದಳು.

ವಿಚಿತ್ರವೆಂದರೆ, ಅವಳು ಒಪ್ಪಿದ್ದರೆ ನನಗೆ ಸಿಟ್ಟು ಬರುತ್ತಿತ್ತು ಅನಿಸುತ್ತದೆ. ಇಷ್ಟು ದಿನ ಬಿದ್ದು ಎದ್ದವಳು ನಾನು. ಇವನು ಇಟ್ಟು ಬರುತ್ತಾನಂತೆ.

ಇಡುವವಳು ನಾನೇ ಎಂದು ಗುರುಪಾದನಿಗೆ ಹೇಳಿದೆ. ಅವನು, ಗುಡ್ಡ ಹತ್ತುವ ತರಬೇತಿ ಕೊಡುವ ಕಡೆ ಈ ವಯಸ್ಸಿಗೆ ನಿಮ್ಮನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ, ಕೆಳಗಿನ ಡೇರೆಯ ತನಕ ಕರೆದೊಯ್ಯಬಹುದು, ಅಲ್ಲಿಂದ ಮೇಲೆ ದೇವರ ಮೇಲೆ ಭಾರ ಎಂದ. ಬರುತ್ತೇನೆ ಎಂದೆ.

ಏಪ್ರಿಲ್ ೨೧, ರವಿವಾರ. ಹುಕ್ಕೇರಿ

ತವರಿಗೆ ಬಂದಿದ್ದೇನೆ. ಅಣ್ಣ ಲಕ್ಷ್ಮಣ ಜಗಳ ತೆಗೆದ. ಪಾರ್ಲರ್ ಮುಚ್ಚಿ ಹುಕ್ಕೇರಿಗೆ ಬಾ, ಮೇಲಿನ ಕೋಣೆ ಖಾಲಿ ಇದೆ ಎನ್ನುತ್ತಾನೆ. "ಆ ಮುದುಕಿ ಮಾತ ಕೇಳಿ ಸಾಯಾಕ ಹೊಂಟೀಯೇನು? ಅಕೀಗೆ ತಲಿ ಕೆಟ್ಟೈತಿ. ನಿನಗೂ ಕೆಟ್ಟೈತೇನು?"

"ಅವರಿಗೆ ಮುದುಕಿ ಅನಬ್ಯಾಡ" ಎಂದೆ. ಅವನು ಬಾಯಿ ತೆರೆದು ನೋಡಿದ.

ಸಂಜೆ ಬೆನ್ನಚೀಲದಲ್ಲಿ ಮರಳು ತುಂಬಿಕೊಂಡು ಹಿಡಕಲ್ ಡ್ಯಾಮಿನ ಕಡೆಯ ಗುಡ್ಡ ಹತ್ತಿದೆ. ಅರ್ಧಕ್ಕೆ ಉಸಿರು ಸಿಕ್ಕಲಿಲ್ಲ. ಕೂತೆ. ದಣಿವಾರಿಸಿಕೊಳ್ಳಲು ಕೂತು ಏಳದೇ ಇರುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು. ಬೆನ್ನಿಗೆ ಕಲ್ಲು ಬೆಚ್ಚಗಿತ್ತು, ಗಾಳಿ ಚೆನ್ನಾಗಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಬಹಳ ಹೊತ್ತು ಕೂತಿದ್ದೆ. ಮನೆಗೆ ಬಂದಾಗ ಅಣ್ಣನ ಹೆಂಡತಿ ಕಸ್ತೂರಿ ಬಾಗಿಲಲ್ಲೇ ನಿಂತಿದ್ದಳು, ಅತ್ತಿದ್ದಳು. ಯಾಕೆ ಅತ್ತಳೋ. ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮೇ ೧೦, ಬಸವ ಜಯಂತಿ. ಮೂಡಲಗಿ

ಗುರುಪಾದ ಅಲ್ಲಿ ಹಾಕುವ ಕೈಗವಸುಗಳನ್ನು ತಂದುಕೊಟ್ಟ. ಒಂದರ ಮೇಲೊಂದು ಮೂರು ಪದರ. ಮೇಲೆ ಹೋದಮೇಲೆ ಇವನ್ನು ತೆಗೆಯುವ ಹಾಗಿಲ್ಲ. ಅವನು ಒಂದು ಗಂಟು ಬಿಗಿಯಲು ತೆಗೆದದ್ದಕ್ಕೆ ಬೆರಳು ಹೋದವು. ಅಂದರೆ ಕರಡಿಗೆಯನ್ನು ಇವುಗಳಲ್ಲೇ ತೆರೆಯಬೇಕು, ಲಿಂಗವನ್ನು ಇವುಗಳಲ್ಲೇ ಹಿಡಿಯಬೇಕು.

ಬೀಳಿಸಿದರೆ ಕಷ್ಟ ಎಂದು ಲಿಂಗದ ಬದಲು ಒಂದು ಅಡಿಕೆ ಇಟ್ಟುಕೊಂಡು ಕಲಿಯಲು ಕೂತೆ. ಕರಡಿಗೆ ಜಾರುತ್ತದೆ. ಅಡಿಕೆ ಉರುಳಿ ಮಂಚದ ಕೆಳಗೆ ಹೋಗುತ್ತದೆ. ಸೊಂಟ ಬಗ್ಗಿಸಿ ಹುಡುಕಿ ಸಾಕಾಯಿತು. ಅತ್ತೆ ಅಕ್ಕಿ ಆರಿಸುತ್ತ ನೋಡುತ್ತಿದ್ದವಳು, "ಹಂಗಲ್ಲ" ಎಂದು ಮೊರ ಬದಿಗಿಟ್ಟು ಎದ್ದಳು. ಹೋಗಿ ಗೋಡೆಗೆ ಬೆನ್ನು ಹಚ್ಚಿ ಕೂತಳು.

"ನನ್ನ ಶಿವಪುತ್ರ ಅಂತ ತಿಳಕೋ" ಎಂದಳು.

"ಬ್ಯಾಡ್ರಿ ಅತ್ತಿ" ಎಂದೆ.

"ಅಲ್ಲಿ ಹೋಗಿ ಗಡಬಡಿಸಾಕಿ ನೀ. ಇಲ್ಲೇ ಕಲಿ." ಕಣ್ಣು ಮುಚ್ಚಿ, ಎಡಗೈ ತೊಡೆಯ ಮೇಲಿಟ್ಟು, ಬೆರಳು ಗಟ್ಟಿಯಾಗಿ ಮಡಿಚಿದಳು. "ಕೈ ಸೆಟದಿರತೈತಿ. ಜೋರ ಮಾಡಬ್ಯಾಡ, ಬೆರಳ ಮುರೀತಾವ. ಸಂದ್ಯಾಗ ಸಾವಕಾಶ ಕೂಡ್ರಸು."

ಮೊಣಕಾಲೂರಿ ಕೂತೆ. ಮೊದಲ ಸಲ ಅಡಿಕೆ ಬಿತ್ತು. ಒಂದು ಕಣ್ಣು ತೆರೆದು, "ಬಿತ್ತ ನೋಡು!" ಎಂದು ಬೈದು ಮತ್ತೆ ಸತ್ತಳು. ಎರಡನೆಯ ಸಲವೂ ಬಿತ್ತು. ಆಮೇಲೆ ಹತ್ತಿರದಿಂದ ಅವಳ ಮುಖ ನೋಡಿದೆ. ಕಣ್ಣು ಮುಚ್ಚಿದರೆ ಅದೇ ಹಣೆ, ಅದೇ ಮೂಗು. ನನಗೆ ಏನಾಯಿತೋ ಗೊತ್ತಿಲ್ಲ. "ಯಾಕ ಹ್ವಾದಿರಿ?" ಎಂದುಬಿಟ್ಟೆ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. ಇಲ್ಲಿ ಏನು ಕಡಿಮೆ ಆಗಿತ್ತು, ಆ ಬೋಳು ಗುಡ್ಡದ ತುದಿಯಲ್ಲಿ ಯಾರು ಕಾಯುತ್ತಿದ್ದರು, ಮಕ್ಕಳಿಲ್ಲದ ಮನೆಯಲ್ಲಿ ನನ್ನನ್ನು ನಿಮ್ಮ ತಾಯಿಯ ಜೊತೆ ಕೂಡಿಹಾಕಿ ಹೋಗಲು ಮನಸ್ಸು ಹೇಗೆ ಬಂತು, ಕೂತವರಿಗೆ ಏಳಲು ಏನಾಗಿತ್ತು. ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ.

ಅತ್ತೆ ಅಲುಗಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ನಾನು ಸುಮ್ಮನಾದ ಮೇಲೆ, "ಇನ್ನೊಮ್ಮಿ ಮಾಡು" ಎಂದಳು.

ಮೂರನೆಯ ಸಲ ಅಡಿಕೆ ಕೈಯಲ್ಲಿ ಕೂತಿತು.

ಜೂನ್ ೨

ದಿನಾ ಸಂಜೆ ಮಾಡುತ್ತೇವೆ. ಈಗ ಬೀಳುವುದಿಲ್ಲ. ಫ್ಯಾನ್ ಜೋರಾಗಿಟ್ಟು ಮಾಡು, ಅಲ್ಲಿ ಗಾಳಿ ಇರುತ್ತದೆ ಎಂದು ಅತ್ತೆಯೇ ಹೇಳುತ್ತಾಳೆ. ಫ್ಯಾನಿನ ಗಾಳಿಗೂ ಆ ಗಾಳಿಗೂ ಏನು ಸಂಬಂಧವೋ. ಆದರೂ ಇಡುತ್ತೇವೆ.

ಜೂನ್ ೨೦

ಗೋಕಾಕದ ಡಾಕ್ಟರು ರಕ್ತ ಕಡಿಮೆ ಇದೆ, ಎತ್ತರದ ಮಾತೇ ಬೇಡ ಎಂದರು. ಮಾತ್ರೆ ಬರೆದುಕೊಟ್ಟರು. ಅವ್ವನಿಗೆ ಹೇಳಿಲ್ಲ (ಅತ್ತೆಯನ್ನು ಈಗ ಹಾಗೇ ಕರೆಯುತ್ತೇನೆ). ನುಗ್ಗೆಸೊಪ್ಪು ತಿನ್ನಬೇಕಂತೆ ಎಂದಷ್ಟೇ ಹೇಳಿದೆ. ಅವಳು ಮೂರು ಹೊತ್ತೂ ಅದನ್ನೇ ಮಾಡಿ ಹಾಕುತ್ತಿದ್ದಾಳೆ.

ಮೆಟ್ಟಿಲು ಹತ್ತಿದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಕಲ್ಲಿನ ಮೇಲೆ ಒಂದು ಎತ್ತರದಿಂದ ಆಚೆಗೆ ಏರಲು ಇನ್ನೂ ಬಂದಿಲ್ಲ. ಗುರುಪಾದ ಏನೂ ಹೇಳುವುದಿಲ್ಲ. ಆಗದು ಎಂಬುದು ಅವನಿಗೆ ಗೊತ್ತಿದೆ, ನನಗೂ ಗೊತ್ತಿದೆ. ಆದರೆ ಬೆಳಗ್ಗೆ ಎದ್ದರೆ ಆಗಸ್ಟ್ ಬಿಟ್ಟು ಬೇರೆ ಯಾವ ವಿಚಾರವೂ ತಲೆಗೆ ಬರುವುದಿಲ್ಲ.

ಜುಲೈ ೧೪, ರವಿವಾರ

ಗೋಕಾಕದಲ್ಲಿ ಫಾಲ್ಸ್ ತುಂಬಿದೆ. ಜನವೋ ಜನ. ಸುಟ್ಟ ಗೋವಿನಜೋಳ ತಿನ್ನುತ್ತ, ಫೋಟೋ ತೆಗೆಸಿಕೊಳ್ಳುತ್ತ. ಗುರುಪಾದ ಹಗ್ಗ ತಂದಿರಲಿಲ್ಲ. ನನ್ನನ್ನು ಗದ್ದಲದಿಂದ ಆಚೆ ಕರೆದೊಯ್ದು ಮೊಬೈಲ್ ಕೈಗಿಟ್ಟ. ಬೇರೆ ಕಡೆಯ ತಂಡವೊಂದು ಹೋದ ವಾರ ಅದೇ ಗುಡ್ಡ ಹತ್ತಿತ್ತಂತೆ. ಅವರು ಕಳಿಸಿದ ಫೋಟೋ. ಕರಿ ಕಲ್ಲು ಇತ್ತು. ಅಷ್ಟೇ ಇತ್ತು.

"ಹಿಮ ಮುಚ್ಚಿರಬೇಕು" ಎಂದೆ.

"ಇಲ್ರಿ ವೈನಿ. ಕಲ್ಲಿನ ಬುಡತನಕ ಬಯಲ ಐತಿ. ಮ್ಯಾಲಿನ ಹಿಮ ಜರದ ಎಲ್ಲಾ ಒಯ್ದೈತಿ."

"ಎಲ್ಲಿಗೆ?"

ಅವನು ಕೈಯಿಂದ ಕೆಳಗೆ ತೋರಿಸಿದ. "ತಳಾ ಕಾಣೂದಿಲ್ರಿ ಅಲ್ಲಿ."

ಆಮೇಲೆ, "ಇನ್ನ ನೀವು ಬರಬ್ಯಾಡ್ರಿ. ಯಾರ ಕೈಯಾಗ ಇಡತೀರಿ?" ಎಂದು ಕೇಳಿದ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಟಿಕೆಟ್ ತೆಗೆಸಿ ಆಗಿದೆ, ನಾನು ಬರುವವಳೇ, ಅವ್ವನ ಕಿವಿಗೆ ಇದು ಬೀಳಬಾರದು ಎಂದೆ. ಬಸ್ಸಿನಲ್ಲಿ ಬರುವಾಗ ಕಲ್ಲೋಳಿಯ ತನಕ ಅಳು ತಡೆದುಕೊಂಡೆ. ಅಲ್ಲಿಂದ ಮುಂದೆ ಆಗಲಿಲ್ಲ. ಬಾಜೂ ಕೂತ ಹೆಂಗಸು ಏನೂ ಕೇಳದೆ ಕಿಟಕಿಯ ಕಡೆಯ ಸೀಟು ಬಿಟ್ಟುಕೊಟ್ಟಳು.

ಜುಲೈ ೧೫

ಸಂಜೆ ಅವ್ವ ಎಂದಿನಂತೆ ಗೋಡೆಗೆ ಬೆನ್ನು ಹಚ್ಚಿ ಕೂತಳು. ನಾನು ಅಡಿಕೆ ಇಟ್ಟೆ. ಅವಳು ಕಣ್ಣು ತೆರೆಯಲು ಬಹಳ ಹೊತ್ತು ಮಾಡಿದಳು.

ಜುಲೈ ೨೨

ಆಗಸ್ಟ್ ಹನ್ನೆರಡನೇ ತಾರೀಕು ಹೊರಡುವುದು. ತಯಾರಿ ಜೋರಾಗಿ ನಡೆದಿದೆ. ಪಾರ್ಲರಿನ ಬೀಗದ ಕೈ ಕೆಲಸದ ಸುಜಾತಾಳಿಗೆ ಕೊಟ್ಟೆ. ಎಷ್ಟು ದಿನ ನೋಡಿಕೊಳ್ಳಬೇಕ್ರಿ ಎಂದಳು, ನಿನ್ನದೇ ಎಂದು ತಿಳಿ ಎಂದೆ. ಇಳಕಲ್ ಸೀರೆಗಳನ್ನು ಕಸ್ತೂರಿಗೆ ಕಳಿಸಿದೆ, ಕಪಾಟು ಹಗುರಾಯಿತು. ಮರಳುವ ಟಿಕೆಟ್ ಈಗಲೇ ಬೇಡ ಎಂದು ಗುರುಪಾದನಿಗೆ ಫೋನಿನಲ್ಲಿ ಹೇಳಿದೆ. ಇಳಿಯಲು ಎಷ್ಟು ದಿನ ಬೇಕೋ ಯಾರಿಗೆ ಗೊತ್ತು. ಅವನು ಆ ಕಡೆಯಿಂದ ಮಾತಾಡಲಿಲ್ಲ. ರೇಂಜ್ ಹೋಗಿರಬೇಕು.

ಕೈ ಇಲ್ಲದಿದ್ದರೇನು, ಕಲ್ಲು ಇದೆಯಲ್ಲ. ಶಿವಪುತ್ರ ಬೆನ್ನು ಹಚ್ಚಿದ ಕಲ್ಲಿನ ಬುಡದಲ್ಲಿ ಇಡುತ್ತೇನೆ. ನಾನೂ ಅಲ್ಲಿ ಒಂದು ಗಳಿಗೆ ಕೂರುತ್ತೇನೆ. ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಗಿದೆ.

ಜುಲೈ ೨೪

ಅವ್ವ ನನ್ನ ಖಾಲಿ ಕಪಾಟಿನ ಮುಂದೆ ನಿಂತಿದ್ದಳು. "ಸೀರಿ ಯಾಕ ಕೊಟ್ಟಿ?" ಎಂದಳು. ಹಳೆಯವು ಎಂದೆ. ಕಪಾಟಿನ ಬಾಗಿಲು ಮುಚ್ಚಿದಳು.

ಜುಲೈ ೨೯, ಸೋಮವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಗ್ಗೆ ಪೂಜೆ ಮುಗಿಸಿ ಅವ್ವ ಹೊರಗೆ ಹೋದಳು. ಯಾರದೋ ಮನೆಗೆ ಇರಬೇಕೆಂದು ನಾನು ಮಲಗಿದೆ. ಮಧ್ಯಾಹ್ನವಾದರೂ ಬರಲಿಲ್ಲ. ಓಣಿಯೆಲ್ಲ ಹುಡುಕಿದೆ. ದೇವರ ಗೂಡಿನಲ್ಲಿ ಕರಡಿಗೆ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಯಲ್ಲವ್ವ, ನಿಮ್ಮ ಅತ್ತೆ ಘಟಪ್ರಭಾ ಬಸ್ ಹತ್ತಿದಳು ಎಂದಳು. ಹೆಂಗಸರಿಗೆ ಬಸ್ ಪುಕ್ಕಟೆ ಆದಂದಿನಿಂದ ಯಾರು ಎಲ್ಲಿಗೆ ಹೊರಟರೂ ಕೇಳುವವರಿಲ್ಲ.

ಸಂಜೆ ಬಂದಳು. ಸೀರೆಯ ಅಂಚು ಮೊಣಕಾಲ ತನಕ ಒದ್ದೆ. ಖಾಲಿ ಕರಡಿಗೆಯನ್ನು ನನ್ನ ಮುಂದಿಟ್ಟಳು.

"ಧುಪದಾಳಕ್ಕ ಹೋಗಿದ್ನಿ" ಎಂದಳು. "ಹೊಳಿಗೆ ಬಿಟ್ಟ ಬಂದ್ನಿ. ಕಟ್ಟಿಯಿಂದ ಮ್ಯಾಲ, ಆಳ ಇದ್ದಲ್ಲಿ. ಅಲ್ಲಿ ಯಾರ ಕಾಲೂ ತಾಕೂದಿಲ್ಲಂತ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಏನೇನು ಅಂದೆನೋ ನೆನಪಿಲ್ಲ. ಇಷ್ಟು ತಿಂಗಳು ಇದಕ್ಕಾಗಿಯೇ ಬಿದ್ದೆ ಎದ್ದೆ, ನಿನ್ನ ಮಗನದು ಅಂತ ಮಾಡಿದೆ, ಕೇಳದೆ ಕೊಟ್ಟುಬಿಟ್ಟೆಯಲ್ಲ ಎಂದು ಏಕವಚನದಲ್ಲೇ ಕೂಗಾಡಿದೆ. ಕರಡಿಗೆಯನ್ನು ಗೋಡೆಗೆ ಬೀಸಿ ಒಗೆದೆ. ಅವಳು ಕಂಬಕ್ಕೆ ಒರಗಿ ಕೇಳಿಸಿಕೊಂಡಳು. ಒದ್ದೆ ಸೀರೆ ಬದಲಿಸಲೂ ಹೋಗಲಿಲ್ಲ.

ಜುಲೈ ೩೧

ಮಾತಿಲ್ಲ.

ಆಗಸ್ಟ್ ೧

ಮಾತಿಲ್ಲ. ಬೆನ್ನಚೀಲ ಬಾಗಿಲ ಹತ್ತಿರವೇ ಇದೆ. ಲಿಂಗ ಇಲ್ಲದಿದ್ದರೂ ಹೋಗಬಹುದು, ಬೇಡ ಎನ್ನುವವರು ಯಾರು. ಆದರೆ ಯಾಕೆ ಹೋಗುತ್ತೀ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಉಳಿದಿಲ್ಲ. ಆ ಗುಡ್ಡವನ್ನೂ ನನ್ನಿಂದ ಕಸಿದುಕೊಂಡಳು.

ಆಗಸ್ಟ್ ೪, ರವಿವಾರ

ಇವತ್ತು ಅವಳೇ ಮಾತಾಡಿಸಿದಳು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬಂದು ಕಲ್ಲಿನ ಮೇಲೆ ಕೂತಳು.

"ಅವ ಅಲ್ಲಿ ಇಲ್ಲ ಅಂತ ನನಗ ಗೊತ್ತೈತಿ" ಎಂದಳು.

ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು.

"ನೀ ಫೋಟೋ ನೋಡಿ ಬಂದ ದಿನಾನ ನಿನ್ನ ಮಾರಿ ನೋಡಿ ಗೊತ್ತಾತು. ಗುರುಪಾದಗ ಫೋನ ಹಚ್ಚಿ ಕೇಳಿದ್ನಿ. ಪಾಪ, ಅತ್ತ."

"ಹಂಗಾರ ಅವತ್ತ ಯಾಕ ಹೇಳಲಿಲ್ಲ? ಮತ್ತ ದಿನಾ ಗ್ವಾಡಿಗೆ ಯಾಕ ಕುಂದ್ರತಿದ್ದಿ?"

"ನಿನ್ನ ಸಲುವಾಗಿ ಕುಂದ್ರತಿದ್ನಿ" ಎಂದಳು. "ಅದ ಒಂದ ಹೊತ್ತು ನೀ ನೆಟ್ಟಗ ಇರತಿದ್ದಿ."

ಇವಳ ಸಲುವಾಗಿ ನಾನು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

"ಖಾಲಿ ಕಲ್ಲಿಗೆ ಹೊಂಟಿದ್ದಿ. ಸೀರಿ ಕೊಟ್ಟಿ, ಕೀಲಿ ಕೊಟ್ಟಿ. ನನಗ ಕಣ್ಣ ಮಂದ ಆಗ್ಯಾವ, ಕುರುಡ ಆಗಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಲಿಂಗ ಹೊಳಿಗೆ ಬಿಡಾಗ ನನ್ನ ಕರಳ ಕಿತ್ತ ಬಂದಂಗ ಆತು. ಈಗ ಅವನ ಕೈ ಕಾಯಮ್ ಖಾಲಿ. ಇರಲಿ. ತಪ್ಪ ನಂದು, ನಾ ಅನುಭವಸತೇನಿ. ಆದರ ನೀನೂ ಅಲ್ಲಿ ಕುಂತರ, ನಾ ಸತ್ತಾಗ ನನ್ನ ಕೈಯಾಗ ಯಾರ ಇಡವರು ಹೇಳು? ನನಗ ಮತ್ತ ಯಾರ ಅದಾರ?"

ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಹಾಕಿ, ಅವಳ ಪಕ್ಕದಲ್ಲಿ ಕೂತೆ. ಅವಳ ಎಡಗೈ ನನ್ನ ಹತ್ತಿರವೇ ಇತ್ತು. ತಿಂಗಳುಗಟ್ಟಲೆ ಕಂಡ ಕೈ, ಯಾವ ಬೆರಳು ಎಲ್ಲಿ ಬಾಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅದನ್ನು ಹಿಡಿದುಕೊಂಡೆ. ಬಿಸಿಯಾಗಿತ್ತು.

ಗುರುಪಾದನಿಗೆ ಫೋನ್ ಮಾಡಿ ನಾನು ಬರುವುದಿಲ್ಲ ಎಂದೆ. ಅವನು ದೊಡ್ಡ ಉಸಿರು ಬಿಟ್ಟದ್ದು ಇಲ್ಲಿಗೂ ಕೇಳಿಸಿತು.

ಹನ್ನೆರಡಕ್ಕೆ ಅವರು ಹೊರಡುತ್ತಾರೆ. ನಾನು ಇಲ್ಲಿರುತ್ತೇನೆ. ಅವ್ವ ಹೋಗುವ ತನಕ ಇರಲೇಬೇಕು. ಅವಳ ಕೈಯಲ್ಲಿ ಇಡುವವಳು ನಾನು. ಆಮೇಲೆ ನನ್ನ ಕೈಯಲ್ಲಿ ಇಡುವವರು ಯಾರು ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.